ಮೂರನೇ ಪುಟ, ಮೂವತ್ತನೇ ಪುಟ

೬ ಡಿಸೆಂಬರ್ ೨೦೦೨

ಇದು ಇವರ ಪ್ರೆಸ್ಸಿನಲ್ಲಿ ಉಳಿದ ಹಾಳು ಡೈರಿ. ಜನವರಿ ಮುಗಿದ ಕೂಡಲೇ ಏಪ್ರಿಲ್ ಬರುತ್ತದೆ, ಫೆಬ್ರವರಿ ಹೋಗಿ ಜೂನ್ ಪಕ್ಕದಲ್ಲಿ ಕೂತಿದೆ. ಮಾರುವ ಹಾಗಿಲ್ಲ, ರದ್ದಿಗೆ ಹಾಕಲು ಇವರಿಗೆ ಮನಸ್ಸು ಬರುವುದಿಲ್ಲ. ಅಂಥವು ಅಟ್ಟದ ಮೇಲೆ ರಾಶಿ ಬಿದ್ದಿವೆ. ಒಂದನ್ನು ಇಳಿಸಿಕೊಂಡು, ತಾರೀಖು ನಾನೇ ಹಾಕಿಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಒಬ್ಬರ ನರಳಾಟ ಸಾಕು, ನನ್ನದನ್ನು ಇಲ್ಲಿ ಇಟ್ಟುಕೊಳ್ಳೋಣ ಎಂದು.

ನರಳುತ್ತಿರುವವರು ಇವರು, ನನ್ನ ಯಜಮಾನರು ರಾಜಶೇಖರ್. ವನಗೂರಿನ ಮೇಲಿರುವ ಪಿಯೂಸ್ ಅವರ ಎಸ್ಟೇಟಿಗೆ ಆರ್ಡರ್ ಮಾತಾಡಲು ಹೋಗಿದ್ದರು. ಆ ಏರಿನಲ್ಲಿ ಜೀಪು ಎರಡು ಸಲ ಹಿಂದಕ್ಕೆ ಜಾರಿತಂತೆ, ಇವರಿಗೆ ಏನೂ ಆಗಲಿಲ್ಲ. ಮೇಲೆ ಹೋಗಿ, ಜೀಪಿನಿಂದ ಇಳಿದು, ಸಮತಟ್ಟಾದ ಕಣದಲ್ಲಿ ಒಣಹಾಕಿದ್ದ ಕಾಫಿ ಹಣ್ಣಿನ ಮೇಲೆ ಕಾಲಿಟ್ಟು ಬಿದ್ದಿದ್ದಾರೆ. ಎಡಗಾಲಿನ ಮೂಳೆ ಮುರಿದಿದೆ. ಹಾಸನದಲ್ಲಿ ಪ್ಲಾಸ್ಟರ್ ಹಾಕಿ, ಎರಡು ತಿಂಗಳು ಅಲುಗಾಡಬೇಡಿ ಎಂದು ಕಳಿಸಿದ್ದಾರೆ. ಇವರು ಅಲುಗಾಡುವುದಿಲ್ಲ, ನನ್ನನ್ನು ಅಲುಗಾಡಿಸುತ್ತಾರೆ. ನೀರು, ಪೇಪರು, ದಿಂಬು, ಕಿಟಕಿ ತೆಗಿ, ಕಿಟಕಿ ಹಾಕು.

೯ ಡಿಸೆಂಬರ್

ಮೈದುನ ಬಸವರಾಜು ಬಂದಿದ್ದ. ಆನೇಮಹಲಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು, ಈಗ ಪೇಟೆಯಲ್ಲಿ ಮೊಬೈಲ್ ಅಂಗಡಿ ಹಾಕಬೇಕಂತೆ. ಅಣ್ಣನ ಕಾಲು ನೋಡಲು ಬಂದವನು ಅಣ್ಣನ ಪ್ರೆಸ್ಸಿನ ಬಗ್ಗೆಯೇ ಮಾತಾಡಿದ.

“ಅಣ್ಣ, ಆ ಮಿಶಿನ್ ಕೊಟ್ಬುಡು. ಹಾಸನದಲ್ಲಿ ತಗಳೋರು ಅವ್ರೆ. ಜಾಗ ನಂಗೆ ಬಾಡಿಗೆಗೆ ಕೊಡು. ಇನ್ನು ನೀನು ನಿಂತ್ಕೊಂಡು ಕೆಲಸ ಮಾಡೋದು ಐತಾ?”

“ಪಿಯೂಸ್‌ಗೆ ಮಾತು ಕೊಟ್ಟಿದೀನಿ ಕಣೋ. ಅವ್ರ ಚರ್ಚಿಗೆ ಐವತ್ತು ವರ್ಷ, ಫೆಬ್ರವರಿ ಎರಡಕ್ಕೆ ಹಬ್ಬ. ಸ್ಮರಣ ಸಂಚಿಕೆ ಆಗ್ಬೇಕು. ಅದು ಹೊತ್ತಿಗೆ ಸರಿಯಾಗಿ ಆಚೆ ಬಂದ್ರೆ ನೋಡೋಣ. ಬರ್ಲಿಲ್ಲ ಅಂದ್ರೆ ಯುಗಾದಿಗೆ ಮಿಶಿನ್ ಕಳಿಸ್ಬುಡೋಣ.”

ಬಸವರಾಜು ನನ್ನ ಕಡೆ ನೋಡಿ, “ಯಾರ್ ಮಾಡ್ತಾರೆ ಅತ್ತಿಗೆ, ನೀವಾ?” ಎಂದು ನಕ್ಕ. ನಾನೂ ನಕ್ಕೆ. ನನಗೇನೂ ಪ್ರೆಸ್ಸಿನ ಮೇಲೆ ಮಮತೆಯಿಲ್ಲ, ಅದರ ಇಂಕಿನ ವಾಸನೆಗೆ ಮದುವೆಯಾದ ಹೊಸದರಲ್ಲಿ ತಲೆನೋವು ಬರುತ್ತಿತ್ತು. ಆದರೆ ಅವನು ಹೋದ ಮೇಲೆ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು, ಕಾಫಿ ಬೇಡ ಎಂದರು. ಕಾಫಿ ಬೇಡ ಎಂದಿದ್ದನ್ನು ನಾನು ಇದುವರೆಗೆ ಕೇಳಿಲ್ಲ.

ನಾಳೆಯಿಂದ ಪ್ರೆಸ್ಸಿಗೆ ಹೋಗುತ್ತೇನೆ ಎಂದೆ. ಕಾಲು ಕೂಡುವವರೆಗೆ ಮಾತ್ರ.

೧೨ ಡಿಸೆಂಬರ್

ಇವರ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂರಲು ಒಂಥರಾ ಆಯಿತು. ಗಿರಾಕಿಗಳು ಕೂರುವ ಸ್ಟೂಲ್ ಎಳೆದುಕೊಂಡು ಕೂತೆ. ಮಿಶಿನ್ ನಡೆಸುವ ಹುಚ್ಚಣ್ಣ ಇವರ ವಯಸ್ಸಿನವನೇ, ಒಳ್ಳೆಯವನು, ಆದರೆ ಏನು ಕೇಳಿದರೂ ಒಂದೇ ಉತ್ತರ: “ಯಜಮಾನ್ರುನ್ನ ಕೇಳ್ಬುಟ್ಟು ಬನ್ನಿ ಅಕ್ಕ.” ಬಿಲ್ಬುಕ್ಕಿಗೆ ಯಾವ ಕಾಗದ? ಯಜಮಾನ್ರುನ್ನ ಕೇಳಿ. ಪೋಸ್ಟರಿಗೆ ನೀಲಿಯೋ ಹಸಿರೋ? ಯಜಮಾನ್ರುನ್ನ ಕೇಳಿ. ಪ್ರೆಸ್ಸಿಗೂ ಮನೆಗೂ ನಾನು ಓಡಾಡಿದ್ದು ನೋಡಿ ಬೇಕರಿಯವರು ಯಾರಿಗಾದರೂ ಹುಷಾರಿಲ್ಲವಾ ಎಂದು ಕೇಳಿದರು.

ಮಿಶಿನ್ ಶುರುವಾದಾಗ ಹಿಂದಕ್ಕೆ ಸರಿದು ನಿಂತೆ. ಸೆರಗು ಸಿಕ್ಕಿಕೊಂಡೀತು ಎಂಬ ಭಯ.

೧೭ ಡಿಸೆಂಬರ್

ಪಿಯೂಸ್ ಬಂದಿದ್ದರು. ಎತ್ತರದ ಮನುಷ್ಯ, ಮಾತಾಡುವಾಗಲೂ ಬಗ್ಗಿ ಮಾತಾಡುತ್ತಾರೆ. ತಮ್ಮ ಕಣದಲ್ಲಿ ಇವರು ಬಿದ್ದದ್ದಕ್ಕೆ ಇನ್ನೂ ಮುಜುಗರ, ಒಂದು ಗೊನೆ ಬಾಳೆಹಣ್ಣು ತಂದಿದ್ದರು. ಪುಸ್ತಕದ ಪುಟಗಳ ಲೆಕ್ಕವನ್ನೂ ತಂದಿದ್ದರು. ಮೂವತ್ತೆರಡು ಪುಟ, ಎಲ್ಲಾ ಕಪ್ಪು ಬಿಳುಪು, ನಾಲ್ಕು ಪುಟ ಮಾತ್ರ ಬಣ್ಣ. ಆ ನಾಲ್ಕು ಬರಬೇಕಾದ್ದು ಮೂರು, ನಾಲ್ಕು, ಐದು, ಆರನೇ ಪುಟದಲ್ಲಿ.

“ಪುಸ್ತಕ ತೆಗೆದ ಕೂಡ್ಲೇ ಬಣ್ಣ ಕಾಣ್ಬೇಕು ನೋಡಿ. ರಾಜಶೇಖರ್ ಆಗ್ತದೆ ಅಂದಿದ್ದಾರೆ,” ಎಂದರು. ನಾನೂ ಆಗುತ್ತದೆ ಎಂದೆ. ಆಗದೇ ಇರಲು ಏನಿದೆ?

ಸಂಜೆ ಇವರಿಗೆ ಹೇಳಿದರೆ ಹಾಸಿಗೆಯಲ್ಲೇ ಎದ್ದು ಕೂರಲು ಹೋಗಿ ಅಯ್ಯೋ ಎಂದರು. “ನಾಲ್ಕು ಪುಟ ಬಣ್ಣ ಅಂದಿದ್ದೆ ಕಣೇ, ಸಾಲಾಗಿ ಅಂತ ಎಲ್ಲಂದೆ? ಹಳೇ ಕ್ಯಾಲೆಂಡರ್ ತಗೊಂಡ್ಬಾ.”

ಕ್ಯಾಲೆಂಡರಿನ ಹಾಳೆಗಳನ್ನು ಹರಿದು, ಒಂದೊಂದನ್ನು ಅರ್ಧಕ್ಕೆ ಮಡಚಿ, ಒಂದರೊಳಗೊಂದು ಸೇರಿಸಿ ನನ್ನ ಕೈಗೆ ಕೊಟ್ಟರು. ಒಂದರಿಂದ ಮೂವತ್ತೆರಡರವರೆಗೆ ಪುಟದ ಅಂಕಿ ಹಾಕು ಎಂದರು. ಹಾಕಿದೆ. ಈಗ ಹಾಳೆಗಳನ್ನು ಬಿಡಿಸಿ ನೋಡು ಎಂದರು. ಬಿಡಿಸಿದೆ. ಮೇಲಿನ ಹಾಳೆಯಲ್ಲಿ ಒಂದನೇ ಪುಟದ ಪಕ್ಕ ಎರಡಿಲ್ಲ, ಮೂವತ್ತೆರಡಿದೆ. ಅದರ ಒಳಗಿನ ಹಾಳೆಯಲ್ಲಿ ಮೂರರ ಪಕ್ಕ ಮೂವತ್ತು. ಹೀಗೇ ಒಳಕ್ಕೆ ಹೋಗುತ್ತಾ ನಟ್ಟ ನಡುವಿನಲ್ಲಿ ಮಾತ್ರ ಹದಿನಾರು, ಹದಿನೇಳು ಅಕ್ಕಪಕ್ಕ.

“ಪುಟ ಅನ್ನೋದು ಒಂಟಿಯಾಗಿ ಹುಟ್ಟಲ್ಲ ಕಣೇ. ಮೂರನೇ ಪುಟಕ್ಕೆ ಬಣ್ಣ ಹೊಡೆದ್ರೆ ಮೂವತ್ತೂ ಅದೇ ಮಿಶಿನ್ ಕೆಳಗೆ ಹೋಗ್ತದೆ. ನಾಲ್ಕಕ್ಕೆ ಹೊಡೆದ್ರೆ ಇಪ್ಪತ್ತೊಂಬತ್ತು. ಪಿಯೂಸ್ ಹೇಳಿದ ಹಾಗೆ ಮಾಡಿದ್ರೆ ನಾಲ್ಕಲ್ಲ, ಎಂಟು ಪುಟ ಬಣ್ಣ ಆಗ್ತದೆ. ಅಷ್ಟು ದುಡ್ಡು ಅವ್ರ ಕೈಲಿ ಆಗಲ್ಲ.”

ನಮ್ಮಲ್ಲಿರುವುದು ಒಂದೇ ಬಣ್ಣದ ಮಿಶಿನ್. ಬಣ್ಣದ್ದು ಹಾಸನದಲ್ಲಿ ಹೊಡೆಸಿ ತಂದು, ಆ ಹಾಳೆಗಳ ಬೆನ್ನಿಗೆ ಇಲ್ಲಿ ಕಪ್ಪು ಹೊಡೆದು, ಉಳಿದ ಹಾಳೆಗಳ ಜೊತೆ ಸೇರಿಸಿ ಪಿನ್ ಹಾಕಬೇಕಂತೆ. ಇಷ್ಟು ವರ್ಷ ಈ ಮನುಷ್ಯ ಇದನ್ನೆಲ್ಲ ಮಾಡಿ ಬಂದು, ಊಟಕ್ಕೆ ಏನಿದೆ ಎಂದು ಕೇಳುತ್ತಿದ್ದರು. ನಾನು ಒಂದು ದಿನವೂ ಕೇಳಿರಲಿಲ್ಲ.

ಕ್ಯಾಲೆಂಡರಿನ ಪುಸ್ತಕವನ್ನು ಮತ್ತೆ ಮಡಚಿ ಬಿಡಿಸಿ ನೋಡಿದೆ. ಮಜವಾಗಿದೆ.

೧೯ ಡಿಸೆಂಬರ್

ಪಿಯೂಸ್ ಅವರಿಗೆ ಕ್ಯಾಲೆಂಡರ್ ಪುಸ್ತಕ ತೋರಿಸಿ ವಿವರಿಸಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ತೊಂದರೆ ಬಣ್ಣದ್ದಲ್ಲ, ಅಕ್ಕ ತಂಗಿಯರದ್ದು ಎಂದು ಆಗ ಗೊತ್ತಾಯಿತು.

ಬಣ್ಣದ ನಾಲ್ಕು ಪುಟಗಳಲ್ಲಿ ಎರಡು ಚರ್ಚಿನ ಚಿತ್ರಕ್ಕೆ. ಒಂದು ಜೆನೆವಿವ್ ಟೀಚರ್ ಮನೆಯವರಿಗೆ, ಗಂಟೆ ಕೊಟ್ಟದ್ದು ಅವರು. ಇನ್ನೊಂದು ಜೋವಿಟಾ ಬಾಯಿ ಮನೆಯವರಿಗೆ, ಹೊಸ ಪೀಠ ಕೊಟ್ಟದ್ದು ಅವರು. ಟೀಚರ್ ಅಕ್ಕ, ವನಗೂರಿನಲ್ಲಿದ್ದಾರೆ. ಜೋವಿಟಾ ತಂಗಿ, ಯಸಳೂರಿಗೆ ಕೊಟ್ಟದ್ದು. ಇಬ್ಬರಿಗೂ ಮಾತಿಲ್ಲ. ಜೋವಿಟಾ ಅವರ ದೊಡ್ಡ ಮಗಳ ಮದುವೆಯ ಹಿಂದಿನ ದಿನ, ರೋಸ್ ಎಂದು ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವಿದೆಯಲ್ಲ, ಅದರಲ್ಲಿ ಮೊದಲು ಹಚ್ಚಬೇಕಾದವರು ದೊಡ್ಡಮ್ಮನಾದ ಟೀಚರ್. ಗಡಿಬಿಡಿಯಲ್ಲಿ ಗಂಡನ ಅಕ್ಕನನ್ನು ಮೊದಲು ಕರೆದುಬಿಟ್ಟರಂತೆ. ಟೀಚರ್ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ಹೊರಟುಹೋದರು. ಅಲ್ಲಿಂದ ಮಾತಿಲ್ಲ.

“ಅದಕ್ಕೇ ಟೀಚರ್ ಮೂರರಲ್ಲಿ, ಜೋವಿಟಾ ಆರರಲ್ಲಿ, ಮಧ್ಯೆ ಚರ್ಚು ಇಟ್ಟದ್ದು ನಾನು. ಗೋಡೆ ಹಾಗೆ,” ಎಂದರು ಪಿಯೂಸ್. “ಒಂದೇ ಪುಟದಲ್ಲಿ ಹಾಕಿದ್ರೆ ಟೀಚರ್ ಹೆಸರೇ ತೆಗೆಸಿ ಬಿಡ್ತಾರೆ. ಹೋದ ವರ್ಷ ಆಮಂತ್ರಣದಲ್ಲಿ ಇಬ್ಬರ ಹೆಸರು ಒಟ್ಟಿಗೆ ಬಂತು ಅಂತ ತೆಗೆಸಿದ್ರು.”

“ದೂರ ದೂರ ಇಟ್ಟರೆ ಸಾಕಲ್ವಾ?” ಎಂದೆ.

“ಎಷ್ಟು ದೂರ ಆದ್ರೆ ಅಷ್ಟು ಒಳ್ಳೇದು.”

ಕ್ಯಾಲೆಂಡರ್ ಪುಸ್ತಕ ನನ್ನ ಕೈಯಲ್ಲೇ ಇತ್ತು. ಥಟ್ಟನೆ ಹೊಳೆಯಿತು. ಟೀಚರ್ ಮೂರನೇ ಪುಟ, ಜೋವಿಟಾ ಮೂವತ್ತನೇ ಪುಟ. ಒಬ್ಬರು ಮೊದಲಲ್ಲಿ, ಒಬ್ಬರು ಕೊನೆಯಲ್ಲಿ, ಹಾಳೆ ಮಾತ್ರ ಒಂದೇ. ಚರ್ಚು ನಟ್ಟ ನಡುವೆ, ಹದಿನಾರು ಹದಿನೇಳರ ಅಗಲಕ್ಕೂ. ಲೆಕ್ಕ ಸರಿಯಾಗಿ ನಾಲ್ಕು ಪುಟ. ಪಿಯೂಸ್ ನನ್ನ ಕೈ ಕುಲುಕಿದರು. ನನಗೆ ಗಂಡಸರ ಕೈ ಕುಲುಕಿ ಅಭ್ಯಾಸವಿಲ್ಲ, ಹುಚ್ಚಣ್ಣ ಬೇರೆ ನೋಡುತ್ತಿದ್ದ.

ಇವರಿಗೆ ಹೇಳಿದೆ. “ನಂಗೆ ಹೊಳೀತಿರ್ಲಿಲ್ಲ ಕಣೇ,” ಎಂದರು. ರಾತ್ರಿ ಊಟಕ್ಕೆ ಇನ್ನೊಂದು ಮುದ್ದೆ ಕೇಳಿದರು.

೨೭ ಡಿಸೆಂಬರ್

ಟೀಚರ್ ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಯ ಡಬ್ಬ ಹಿಡಿದು ಪ್ರೆಸ್ಸಿಗೇ ಬಂದರು, ಜೊತೆಗೆ ಫೋಟೋ. ಇವರಿಗೆ ಶಾಲೆಯಲ್ಲಿ ಪಾಠ ಹೇಳಿದವರು, ಇವರ ಹೆಸರನ್ನು ಇನ್ನೂ ಹಾಜರಿ ಕೂಗುವ ಹಾಗೆ ಕೂಗುತ್ತಾರೆ. ಮೇಜಿನ ಮೇಲಿದ್ದ ಕರಡನ್ನು ಕೇಳದೆಯೇ ಎತ್ತಿಕೊಂಡು, ಚೀಲದಿಂದ ಕೆಂಪು ಪೆನ್ನು ತೆಗೆದು ತಿದ್ದಲು ಶುರು ಮಾಡಿದರು. ಅದು ಅವರ ಚರ್ಚಿನದ್ದಲ್ಲ, ಸೊಸೈಟಿಯ ನೋಟಿಸು.

ಫೋಟೋದಲ್ಲಿ ಟೀಚರ್, ಅವರ ಮಗ ಸೊಸೆ, ನೇರಳೆ ಸೀರೆಗೆ ಹಳದಿ ಅಂಚು. ಟೀಚರ್ ಬಣ್ಣದ ಸೀರೆ ಉಟ್ಟದ್ದು ನಾನು ನೋಡಿದ್ದೇ ಇದರಲ್ಲಿ. ಜೋವಿಟಾ ಬಾಯಿ ಫೋಟೋ ಕಳಿಸಲಿಲ್ಲ, ಗೋಡೆಯದ್ದು ಇಳಿಸಲು ಆಗುವುದಿಲ್ಲವೆಂದು ನೆಗೆಟಿವ್ ಕಳಿಸಿದ್ದಾರೆ. ಬೆಳಕಿಗೆ ಹಿಡಿದು ನೋಡಿದರೆ ಎಲ್ಲರಿಗೂ ಕಪ್ಪು ಮುಖ, ಬಿಳಿ ಕೂದಲು.

೮ ಜನವರಿ ೨೦೦೩

ಬಸ್ಸು ಹತ್ತಿ ಹಾಸನಕ್ಕೆ ಒಬ್ಬಳೇ ಹೋಗಿದ್ದೆ. ಬಣ್ಣದ ಪ್ರೆಸ್ಸಿನವರು ಹೊರಗೆ ಕೂರಿ ಎಂದರು, ನಾನು ಒಳಗೇ ನಿಂತೆ. ಚರ್ಚಿನ ಚಿತ್ರ ಮೊದಲು ಬರೀ ಹಳದಿಯಾಗಿ ಬಂತು, ಕಾಮಾಲೆ ಆದವರ ಹಾಗೆ. ಅದರ ಮೇಲೆ ಕೆಂಪು ಬಂತು, ಅದರ ಮೇಲೆ ನೀಲಿ. ಕೊನೆಗೆ ಕಪ್ಪು ಬಿದ್ದ ಮೇಲೆ ನೋಡಿದರೆ ಹಿಂದಿನ ಗುಡ್ಡ, ಗುಡ್ಡದ ಮೇಲಿನ ಹುಲ್ಲು ಎಲ್ಲಾ ಇದೆ. ಬಾಯಿ ಬಿಟ್ಟುಕೊಂಡು ನಿಂತಿದ್ದೆನೆಂದು ಕಾಣುತ್ತದೆ, ಅಲ್ಲಿಯವನು ನಕ್ಕ. ಆಕಾಶ ಇಷ್ಟು ನೀಲಿ ಇಲ್ಲ, ಕಡಿಮೆ ಮಾಡಿ ಎಂದು ಹೇಳಿ ಮಾಡಿಸಿದೆ. ಇನ್ನೊಂದು ಹಾಳೆ ಹೊಡೆದು ಎರಡನ್ನೂ ಒಟ್ಟಿಗೆ ಕಳಿಸುತ್ತಾರಂತೆ.

ಇವರ ಮಾತ್ರೆ ತರುವುದು ಮರೆತೇಹೋಯಿತು. ಬೈಸಿಕೊಂಡೆ.

೧೪ ಜನವರಿ

ಸಂಕ್ರಾಂತಿ. ಟೀಚರ್ ಡಬ್ಬ ಖಾಲಿ ಕೊಡಬಾರದೆಂದು ಎಳ್ಳು ಬೆಲ್ಲ ತುಂಬಿ ಕಳಿಸಿದೆ. ಕಪ್ಪು ಪುಟಗಳು ಅರ್ಧ ಆಗಿವೆ. ಕಾಗದ ಎಣಿಸುವಾಗ ನನ್ನ ಬೆರಳು ಹುಚ್ಚಣ್ಣನ ಬೆರಳಿಗಿಂತ ಬೇಗ ಓಡುತ್ತದೆ. ಅಕ್ಕಿ ಆರಿಸಿದ ಕೈ.

೨೦ ಜನವರಿ, ಸೋಮವಾರ

ಹಾಸನದಿಂದ ಹಾಳೆಗಳು ಬಂದವು. ಕಟ್ಟು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಹರಡಿದವಳು ಹಾಗೇ ಕೂತುಬಿಟ್ಟೆ.

ಮೂರರ ಪಕ್ಕ ಮೂವತ್ತು. ನಾನೇ ಮಾಡಿದ ಲೆಕ್ಕ, ನಾನೇ ಅಂಕಿ ಹಾಕಿದ್ದು. ಆದರೂ ಅಂಕಿ ಬೇರೆ, ಮುಖ ಬೇರೆ. ಮಡಚದ ಹಾಳೆಯ ಮೇಲೆ ಎಡಗಡೆ ಜೋವಿಟಾ ಬಾಯಿ, ಬಲಗಡೆ ಟೀಚರ್. ಮಧ್ಯೆ ಗೋಡೆಯೂ ಇಲ್ಲ, ಚರ್ಚೂ ಇಲ್ಲ, ಒಂದು ಬೆರಳಿನಷ್ಟು ಖಾಲಿ ಜಾಗ. ಭುಜಕ್ಕೆ ಭುಜ ತಾಗಿಸಿ ಕೂತ ಹಾಗಿದ್ದಾರೆ. ದೂರ ಇಡಬೇಕೆಂದು ಎರಡು ತುದಿಯಲ್ಲಿಟ್ಟು, ಪುಸ್ತಕದಲ್ಲಿ ಇನ್ನು ಯಾರನ್ನೂ ಕೂರಿಸದಷ್ಟು ಹತ್ತಿರ ಕೂರಿಸಿದ್ದೇವೆ. ಇಬ್ಬರದ್ದೂ ನೇರಳೆ ಸೀರೆ ಬೇರೆ, ಚರ್ಚಿನಲ್ಲಿ ಕೊಟ್ಟದ್ದೋ ಏನೋ.

ಪಿಯೂಸ್‌ಗೆ ಫೋನ್ ಮಾಡಿದೆ. “ದೇವ್ರೇ, ಟೀಚರ್ ಪೇಟೆಗೆ ಬಂದಾಗ ಅಲ್ಲಿಗೇ ಬರ್ತಾರೆ. ಮುಚ್ಚಿಡಿ ಮಾರಾಯ್ರೆ. ಮಡಚಿದ ಮೇಲೆ ತೊಂದರೆ ಇಲ್ಲ,” ಎಂದರು. ಇಡೀ ಕಟ್ಟನ್ನು ಅಡಿಮೇಲು ತಿರುಗಿಸಿ, ಮುಖ ಕೆಳಗೆ ಮಾಡಿ, ಮೇಲೆ ಖಾಕಿ ಕಾಗದ ಹೊದಿಸಿದೆ.

ಟೀಚರ್ ಬೇಡ ಎಂದರೆ ಮತ್ತೆ ಹಾಸನಕ್ಕೆ ಹೋಗಿ ಹೊಡೆಸಲು ದಿನವಿಲ್ಲ. ಪುಸ್ತಕ ಹಬ್ಬಕ್ಕೆ ಬರುವುದಿಲ್ಲ. ಬಸವರಾಜು ಹಾಸನದವನನ್ನು ಕರೆದುಕೊಂಡು ಬರುತ್ತಾನೆ. ಮಿಶಿನ್ ಇಲ್ಲದ ಆ ಜಾಗವನ್ನು ಒಂದು ಸಲ ಕಣ್ಣ ಮುಂದೆ ತಂದುಕೊಂಡೆ, ಸರಿಹೋಗಲಿಲ್ಲ.

೨೧ ಜನವರಿ

ಇವತ್ತು ನಾನು ಕಿರುಚಿದೆ. ಮದುವೆಯಾದಾಗಿನಿಂದ ಅಷ್ಟು ಜೋರಾಗಿ ಕಿರುಚಿದ್ದು ನೆನಪಿಲ್ಲ.

ಹುಚ್ಚಣ್ಣ ಬಣ್ಣದ ಹಾಳೆಯ ಬೆನ್ನಿಗೆ ಕಪ್ಪು ಹೊಡೆಯುತ್ತಿದ್ದ. ಮೂರರ ಬೆನ್ನಿಗೆ ನಾಲ್ಕು ಬರಬೇಕು. ಯಾಕೋ ಒಂದು ಹಾಳೆ ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಟೀಚರ್ ಮುಖದ ಹಿಂದೆ ಇಪ್ಪತ್ತೊಂಬತ್ತನೇ ಪುಟ, ಅದೂ ತಲೆಕೆಳಗು.

“ನಿಲ್ಸು ಹುಚ್ಚಣ್ಣ!”

ನಿಲ್ಲಿಸಲು ಅವನಿಗಿಂತ ಮೊದಲು ನಾನೇ ಸ್ವಿಚ್ಚಿಗೆ ಕೈ ಹಾಕಿದ್ದೆ. ಹುಚ್ಚಣ್ಣ ಹಾಳೆ ತಿರುಗಿಸಿ ನೋಡಿದ. “ಎಡವಟ್ಟಾಗೋಯ್ತಲ್ಲ ಅಕ್ಕ. ಕಟ್ಟು ಹೆಂಗಿತ್ತೋ ಹಂಗೇ ಹಾಕ್ಬುಟ್ಟೆ.”

ತಪ್ಪು ಅವನದಲ್ಲ. ನಿನ್ನೆ ಅಕ್ಕ ತಂಗಿಯರನ್ನು ಮುಚ್ಚಿಡುವ ಆತುರದಲ್ಲಿ ಕಟ್ಟನ್ನು ತಿರುಗಿಸಿಟ್ಟವಳು ನಾನು. ಅವನಿಗೆ ಹೇಳಿದೆ, ಇಬ್ಬರೂ ಟೀ ಕುಡಿದೆವು. ಹೆಚ್ಚಿಗೆ ತರಿಸಿದ್ದ ಹಾಳೆಗಳಷ್ಟೂ ಹಾಳಾಗಿವೆ, ಪುಸ್ತಕಕ್ಕೆ ಬೇಕಾದಷ್ಟು ಮಾತ್ರ ಉಳಿದಿವೆ. ಸರಿಯಾಗಿ ತಿರುಗಿಸಿ ಹೊಡೆದೆವು. ಒಂದೊಂದು ಹಾಳೆಯನ್ನೂ ನಾನೇ ನೋಡಿ ಕೆಳಗಿಟ್ಟೆ.

ಸಂಜೆ ಇವರು ಏನು ವಿಶೇಷ ಎಂದರು. ಏನಿಲ್ಲ ಎಂದೆ. ಸುಳ್ಳೇನೂ ಅಲ್ಲ, ಸರಿಯಾಯಿತಲ್ಲ.

೨೩ ಜನವರಿ

ಟೀಚರ್ ಬಂದರು. ನಾನು ಹಿಂದೆ ಹಾಳೆ ಜೋಡಿಸುತ್ತಿದ್ದೆ. ಈಚೆ ಬಂದು ನೋಡುತ್ತೇನೆ, ಅವರು ಮೇಜಿನ ಮುಂದೆ ಕೂತಿದ್ದಾರೆ, ಎದುರಿಗೆ ಹಾಳಾದ ಹಾಳೆ. ಪೊಟ್ಟಣ ಕಟ್ಟಲು ಬರುತ್ತದೆಂದು ಹುಚ್ಚಣ್ಣ ಅಲ್ಲೇ ಇಟ್ಟಿದ್ದ. ಕೆಂಪು ಪೆನ್ನು ಕೈಯಲ್ಲಿದೆ, ಕ್ಯಾಪು ತೆಗೆದಿಲ್ಲ.

ಏನಾದರೂ ಹೇಳಬೇಕೆಂದು, “ಟೀಚರ್, ಅದು ಹಾಗೆ ಇರಲ್ಲ. ಮಡಚಿದ ಮೇಲೆ ನೀವು ಮುಂದಕ್ಕೆ ಹೋಗ್ತೀರಿ, ಅವರು ಹಿಂದಕ್ಕೆ ಹೋಗ್ತಾರೆ. ಮಧ್ಯೆ ಇಡೀ ಪುಸ್ತಕ ಇರುತ್ತೆ,” ಎಂದೆ.

ಅವರು ತಲೆ ಎತ್ತಲಿಲ್ಲ. “ಈ ಸೀರೆ ನೋಡು ಪಂಕಜಾಕ್ಷಿ.”

“ನೋಡಿದೆ ಟೀಚರ್. ಚರ್ಚಿನಲ್ಲಿ ಎಲ್ಲರಿಗೂ ಒಂದೇ ಥರ ಕೊಟ್ಟಿದ್ದಾರೇನೋ ಅಂದ್ಕೊಂಡೆ.”

“ಚರ್ಚಿನಲ್ಲಿ ಕೊಟ್ಟದ್ದಲ್ಲ. ಅಮ್ಮ ಕೊಟ್ಟದ್ದು. ಮಂಗಳೂರಿಂದ ಎರಡು ತಂದಿದ್ರು. ನಾವು ಜಗಳ ಮಾಡ್ಬಾರ್ದು ಅಂತ ಎರಡೂ ಒಂದೇ ಬಣ್ಣ. ಅಮ್ಮ ಹೋದ ಮೇಲೆ ನಾನು ಪೆಟ್ಟಿಗೆಯಿಂದ ತೆಗೆದಿರ್ಲಿಲ್ಲ. ಫೋಟೋಕ್ಕೆ ಅಂತ ತೆಗೆದೆ.” ಬೆರಳಿನಿಂದ ಎಡಗಡೆಯ ಸೀರೆಯ ಅಂಚನ್ನು ಮುಟ್ಟಿದರು. “ಇವಳೂ ಅದನ್ನೇ ಉಟ್ಟಿದ್ದಾಳೆ. ನೋಡು, ನೆರಿಗೆ ಇನ್ನೂ ಸರಿಯಾಗಿ ಹಿಡೀಲಿಕ್ಕೆ ಬರುದಿಲ್ಲ.”

ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಹಾಳೆಯನ್ನು ಸುತ್ತಿ, ಮೇಜಿನ ಮೇಲಿದ್ದ ದಾರದಿಂದ ಕಟ್ಟಿ, ಕಂಕುಳಲ್ಲಿಟ್ಟುಕೊಂಡು ಎದ್ದರು.

“ಟೀಚರ್, ಅದು ಹಾಳಾದ್ದು. ಹಿಂದೆ ತಲೆಕೆಳಗಾಗಿದೆ.”

“ನನಗೆ ಹಿಂದಿನದ್ದು ಬೇಡ,” ಎಂದು ಹೊರಟರು.

ಪುಸ್ತಕ ಹೀಗೇ ಇರಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹುಚ್ಚಣ್ಣ ಬಾಗಿಲಲ್ಲಿ ನಿಂತು, “ಏನ್ಮಾಡಣ ಅಕ್ಕ?” ಎಂದ. ಪಿಯೂಸ್‌ಗೆ ಫೋನ್ ಮಾಡಿದರೆ ಹೆದರುತ್ತಾರೆ. “ಮಡ್ಚು,” ಎಂದೆ. ಮಡಚಿದೆವು.

೨೮ ಜನವರಿ

ಪಿನ್ ಹೊಡೆದದ್ದು ಮುಗಿಯಿತು. ಹೆಬ್ಬೆರಳಿಗೆ ಬೊಬ್ಬೆ. ನಡುಪುಟ ತೆಗೆದರೆ ಚರ್ಚು ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ಮಡಿಕೆಯ ಗೆರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಇವರು ಒಂದು ಪ್ರತಿ ಹಿಡಿದು ತಿರುವಿ, ವಾಸನೆ ನೋಡಿ, ದಿಂಬಿನ ಕೆಳಗಿಟ್ಟುಕೊಂಡರು. ಬೀಗುವುದು ಬೇಡ ಎಂದುಕೊಂಡರೂ ಬೀಗಿದೆ.

೨ ಫೆಬ್ರವರಿ, ಭಾನುವಾರ

ಪಿಯೂಸ್ ಜೀಪು ಕಳಿಸಿದ್ದರು, ಹುಚ್ಚಣ್ಣನೂ ನಾನೂ ಹೋದೆವು. ಚರ್ಚಿನ ಮುಂದೆ ಕಣದಷ್ಟು ಅಗಲದ ಅಂಗಳ, ನೋಡಿಕೊಂಡು ಕಾಲಿಟ್ಟೆ. ಪೂಜೆ ಮುಗಿದು ಚರ್ಚಿನ ಫಾದರ್ ಪುಸ್ತಕ ಬಿಡುಗಡೆ ಮಾಡಿದರು. ಕೈಗೆ ಸಿಕ್ಕಿದ ಕೂಡಲೇ ಎಲ್ಲರೂ ನಡುಪುಟ ತೆಗೆದರು, ಆಮೇಲೆ ತಮ್ಮ ತಮ್ಮ ಮುಖ ಹುಡುಕಿದರು. ಟೀಚರ್ ಮುಂದಿನ ಬೆಂಚಿನಲ್ಲಿ, ಜೋವಿಟಾ ಬಾಯಿ ಹಿಂದಿನ ಬೆಂಚಿನಲ್ಲಿ. ಪುಸ್ತಕದಲ್ಲಿ ಇರುವ ಹಾಗೆಯೇ. ನನಗೆ ಸ್ವಲ್ಪ ನಿರಾಸೆಯಾಯಿತು, ಬರೆದುಕೊಳ್ಳಲು ನಾಚಿಕೆಯಿಲ್ಲ.

ಊಟದ ಹೊತ್ತಿಗೆ ಜೋವಿಟಾ ಬಾಯಿ ನನ್ನನ್ನು ಹುಡುಕಿಕೊಂಡು ಬಂದರು. ದಪ್ಪಗೆ, ನಗುಮುಖ. “ಪ್ರೆಸ್ಸಿನವರು ನೀವಲ್ವಾ? ಮಡಚದ ಹಾಳೆ ಇನ್ನೊಂದು ಉಂಟಾ ನಿಮ್ಮ ಹತ್ತಿರ?”

“ಯಾವ ಹಾಳೆ ಬಾಯಿ?”

“ಅಕ್ಕ ಮೊನ್ನೆ ಬಸ್ಸಲ್ಲಿ ಯಸಳೂರಿಗೆ ತಂದಿದ್ಲು. ಒಳಗೆ ಬರ್ಲಿಲ್ಲ, ಜಗಲಿಯಲ್ಲೇ ನಿಂತು ಬಿಡಿಸಿ ತೋರಿಸಿದ್ಲು. ನೆರಿಗೆ ಸರಿ ಮಾಡ್ಕೊಳ್ಳಿಕ್ಕೆ ಆಗುದಿಲ್ವಾ ನಿನಗೆ ಅಂತ ಬೈದ್ಲು. ಮತ್ತೆ ಸುತ್ತಿ ಕಂಕುಳಲ್ಲಿ ಇಟ್ಕೊಂಡು ಹೋಗಿ ಬಿಟ್ಲು. ನನಗೆ ಕೊಡ್ಲೇ ಇಲ್ಲ ಮಾರಾಯ್ತಿ.”

ಹೇಳುತ್ತಾ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಬೈಸಿಕೊಂಡದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಒಂದಲ್ಲ, ಬೇಕಾದಷ್ಟು ಹಾಳಾಗಿವೆ, ಕಳಿಸುತ್ತೇನೆ ಎಂದೆ.

೧೭ ಫೆಬ್ರವರಿ

ಇವರ ಪ್ಲಾಸ್ಟರ್ ತೆಗೆದರು. ಕೋಲು ಊರಿಕೊಂಡು ಪ್ರೆಸ್ಸಿಗೆ ಬಂದರು. ಕುರ್ಚಿಯಲ್ಲಿ ನಾನು ಕೂತಿದ್ದೆ, ಫೋನಿನಲ್ಲಿ ಕಾಗದದ ಅಂಗಡಿಯವನ ಜೊತೆ ಜಗಳ ನಡೆದಿತ್ತು, ಏಳಲು ಆಗಲಿಲ್ಲ. ಇವರು ಸ್ಟೂಲ್ ಎಳೆದುಕೊಂಡು ಕೂತರು.

ಅಷ್ಟರಲ್ಲಿ ಟೀಚರ್ ಮತ್ತು ಜೋವಿಟಾ ಬಾಯಿ ಒಂದೇ ಆಟೋದಲ್ಲಿ ಬಂದಿಳಿದರು. ಜೋವಿಟಾ ಅವರ ಎರಡನೇ ಮಗಳ ಮದುವೆ, ಈಸ್ಟರ್ ಕಳೆದ ಮೇಲೆ. ಕಾರ್ಡ್ ಆಗಬೇಕು. ಬರೆದು ತಂದಿದ್ದನ್ನು ಮೇಜಿನ ಮೇಲಿಡುವ ಮೊದಲೇ ಟೀಚರ್ ಎರಡು ಕಡೆ ಕೆಂಪಿನಲ್ಲಿ ತಿದ್ದಿದ್ದರು.

“ರೋಸ್ ಯಾವತ್ತು ಅಂತ ಹಾಕಿ,” ಎಂದರು ಜೋವಿಟಾ.

“ಹಾಲು ಮೊದಲು ಹಚ್ಚುವುದು ಯಾರು ಅಂತ ಹಾಕುವುದು ಬೇಡ,” ಎಂದರು ಟೀಚರ್. “ಅದು ನಾನೇ. ಅವಳಿಗೆ ಗೊತ್ತುಂಟು.”

ಇವರು ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದರು. ಟೀಚರ್ ಇದ್ದ ಕಡೆ ಇವರು ಯಾವಾಗಲೂ ಹಾಗೇ.

೧೦ ಮಾರ್ಚ್, ಸೋಮವಾರ

ರಾತ್ರಿ ಹೂಮಳೆ ಬಂದು ಹೋಗಿದೆ, ಇನ್ನು ವಾರದಲ್ಲಿ ಕಾಫಿ ಹೂ ಬಿಟ್ಟು ಎಲ್ಲ ತೋಟ ಬಿಳಿ. ಮದುವೆ ಕಾರ್ಡು ಮಿಶಿನ್ನಿಗೆ ಹೋಯಿತು. ಎರಡು ಬಣ್ಣ, ಎರಡೂ ನಮ್ಮ ಮಿಶಿನ್ನಿನಲ್ಲೇ. ಒಂದು ಸಲ ಕೆಂಪು ಹೊಡೆದು, ಒಣಗಿಸಿ, ಅದರ ಮೇಲೆ ಹೊಂಬಣ್ಣ. ಹುಚ್ಚಣ್ಣ ಆಗುವುದಿಲ್ಲ ಎಂದ, ಆಯಿತು. ಇವರು ಕೂತಲ್ಲೇ ಕಾರ್ಡು ಮಡಚುತ್ತಾರೆ. ಅಂಚು ಸರಿ ಕೂರುತ್ತಿಲ್ಲವೆಂದು ಎರಡು ಸಲ ಹೇಳಿದೆ, ಮೂರನೇ ಸಲಕ್ಕೆ ಸರಿ ಮಾಡಿದರು.

ಮಧ್ಯಾಹ್ನ ಬಸವರಾಜು ಬಂದ, ಜೊತೆಗೆ ಹಾಸನದವರೊಬ್ಬರು. ಅತ್ತಿಗೆ ಎಂದು ಏನೋ ಹೇಳಲು ಬಂದ. ಮಿಶಿನ್ ಓಡುವ ಸದ್ದಿಗೆ ಕೇಳಿಸಲಿಲ್ಲ. ನಿಂತಲ್ಲಿ ನಿಲ್ಲಬೇಡ, ಹಸಿ ಕಾರ್ಡಿದೆ, ಆ ಕಡೆ ಬಾ ಎಂದೆ. ಬಂದ. ಕೈ ಖಾಲಿ ಇತ್ತಲ್ಲ, ಒಣಗಿದ ಕಾರ್ಡುಗಳನ್ನು ಕಟ್ಟು ಕಟ್ಟಲು ಇಬ್ಬರಿಗೂ ಕೊಟ್ಟೆ. ಹಾಸನದವರು ಚೆನ್ನಾಗಿ ಕಟ್ಟಿದರು. ಟೀ ತರಿಸಿದೆ, ಕುಡಿದು ಹೋದರು.

ಯಾಕೆ ಬಂದಿದ್ದರೆಂದು ಕೇಳಲು ಮರೆತೇಬಿಟ್ಟಿದ್ದೆ. ಮನೆಗೆ ಬರುವ ದಾರಿಯಲ್ಲಿ ಇವರನ್ನು ಕೇಳಿದೆ. ಇವರಿಗೆ ನಗು ತಡೆಯಲಾಗಲಿಲ್ಲ, ಕೋಲು ಊರಿಕೊಂಡು ರಸ್ತೆ ಬದಿಯಲ್ಲಿ ನಿಂತೇಬಿಟ್ಟರು.

“ಮಿಶಿನ್ ನೋಡೋಕೆ ಬಂದಿದ್ರು ಕಣೇ,” ಎಂದರು.

ನೋಡಲಿ. ಇವತ್ತು ಚೆನ್ನಾಗಿಯೇ ಓಡುತ್ತಿತ್ತು.